ಕಿರುಹಳಿಯ ಎಂಜಿನುಗಳ ಜೀರ್ಣೋದ್ಧಾರ: ಬಾರ್ಸಿ ಮಾರ್ಗವನ್ನು ಮುಂದಿಟ್ಟುಕೊಂಡು ಒಂದು ವಿವೇಚನೆ

ಕಾವ್ಯ, ಶಾಸನ, ವಚನ, ಕೀರ್ತನೆಗಳ ಪರಿಶೀಲನೆಗೆ ಬಹುಮಟ್ಟಿಗೆ ಮೀಸಲಾಗಿರುವ ಈ ಪುಟಗಳಲ್ಲಿ ಉಗಿ ಎಂಜಿನಿನ ಪ್ರಸ್ತಾಪ ಬಂದರೆ ಓದುಗರಿಗೆ ತುಸು ಅಚ್ಚರಿಯಾದೀತು. ಹೈದರಾಬಾದಿನಲ್ಲಿ ಕುಳಿತು ಕನ್ನಡದ ಕೆಲಸ ಮಾಡುವವರಿಗೆ ಈ ವಿಷಯ ಅಷ್ಟೇನೂ ದೂರದ್ದಲ್ಲ. ಕನ್ನಡ, ಮರಾಠಿ, ತೆಲುಗು, ದಖನಿ ಉರ್ದು ಈ ನಾಲ್ಕೂ ನುಡಿಗಳು ಕೂಡುವ ಸೀಮೆಯಲ್ಲಿ ನೂರು ವರ್ಷಗಳಿಗೂ ಹೆಚ್ಚು ಕಾಲ ಓಡಾಡಿದ ಒಂದು ಕಿರುಹಳಿಯ ರೈಲುಮಾರ್ಗ ಈಗ ಇಲ್ಲವಾಗಿದೆ. ಅದರ ಎಂಜಿನುಗಳನ್ನೂ ಅದರ ಸೋದರ ಮಾರ್ಗಗಳ ಎಂಜಿನುಗಳನ್ನೂ ಉಳಿಸಿಕೊಳ್ಳುವುದು ಹೇಗೆಂಬ ಪ್ರಶ್ನೆ ಎದುರಾದಾಗ, ಅದು ಗ್ರಂಥಸಂಪಾದಕನು ಓಲೆಗರಿಯ ಕಟ್ಟುಗಳನ್ನು ಮುಂದಿಟ್ಟುಕೊಂಡು ಕೇಳಿಕೊಳ್ಳುವ ಪ್ರಶ್ನೆಯೇ ಆಗಿರುವುದನ್ನು ನಾವು ಕಂಡಿದ್ದೇವೆ. ಯಾವ ಪಾಠ ಮೂಲದ್ದು? ಯಾವುದು ಪ್ರಕ್ಷೇಪ? ಯಾವ ಸ್ಥಿತಿಗೆ ಮರಳಿಸಿದರೆ ಕೃತಿಗೆ ನ್ಯಾಯ ಸಂದೀತು? ಈ ದೃಷ್ಟಿಯಿಂದ ನೋಡಿದರೆ ಎಂಜಿನಿನ ಜೀರ್ಣೋದ್ಧಾರವು ಯಂತ್ರಶಾಸ್ತ್ರಜ್ಞರಿಗೆ ಮಾತ್ರ ಬಿಟ್ಟುಕೊಡಬಹುದಾದ ಕೆಲಸವಾಗಿ ಉಳಿಯುವುದಿಲ್ಲ.

ಮೊದಲು ಪರಿಭಾಷೆಯ ಮಾತು. ಎರಡು ಹಳಿಗಳ ಒಳ ಅಂಚುಗಳ ನಡುವಣ ಅಂತರಕ್ಕೆ ಗೇಜ್ ಎಂದು ಹೆಸರು. ಭಾರತದಲ್ಲಿ ಬ್ರಾಡ್‌ಗೇಜ್ 1676 ಮಿಲಿಮೀಟರ್, ಮೀಟರ್‌ಗೇಜ್ ಹೆಸರೇ ಹೇಳುವಂತೆ 1000 ಮಿಲಿಮೀಟರ್. ನ್ಯಾರೋಗೇಜ್ ಎಂಬುದರಲ್ಲಿ ಎರಡು ಬಗೆ: ಎರಡೂವರೆ ಅಡಿಯ 762 ಮಿಲಿಮೀಟರ್ ಮತ್ತು ಎರಡಡಿಯ 610 ಮಿಲಿಮೀಟರ್. ಈ ಎರಡನ್ನೂ ಸೇರಿಸಿ ನಾವು ಇಲ್ಲಿ ಕಿರುಹಳಿ ಎನ್ನುತ್ತೇವೆ. ಎಂಜಿನಿನ ಅಂಗಾಂಗಗಳಿಗೆ ಕನ್ನಡದಲ್ಲಿ ಒಪ್ಪಿತವಾದ ಹೆಸರುಗಳು ಕಡಿಮೆ. ಕಲ್ಲಿದ್ದಲು ಉರಿಯುವ ಕೋಣೆಯನ್ನು ಪದಕ್ಕೆ ಪದವಿಟ್ಟು ಬೆಂಕಿಪೆಟ್ಟಿಗೆ ಎಂದರೆ ಓದುಗರು ಜೇಬು ತಡಕಿಕೊಂಡಾರು! ಆದಕಾರಣ ಫೈರ್‌ಬಾಕ್ಸ್, ಬಾಯ್ಲರು, ಸಿಲಿಂಡರು ಎಂಬ ರೂಢಿಯ ಮಾತುಗಳನ್ನೇ ಉಳಿಸಿಕೊಂಡಿದ್ದೇವೆ. ರೈಲ್ವೆಯ ಕೆಲಸಗಾರರು ಬಳಸಿದ್ದೂ ಅವನ್ನೇ.

ಬಾರ್ಸಿ ಲೈಟ್ ರೈಲ್ವೆಯ ಕಥೆ ಆರಂಭವಾಗುವುದು ಎವರಾರ್ಡ್ ಕ್ಯಾಲ್ತ್ರಾಪ್ ಎಂಬ ಆಂಗ್ಲ ಎಂಜಿನಿಯರನಿಂದ. 1857ರಲ್ಲಿ ಹುಟ್ಟಿದ ಈತ 1882ರಲ್ಲಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಸೇವೆಗೆಂದು ಭಾರತಕ್ಕೆ ಬಂದನು. ಮುಂಬಯಿಯಿಂದ ಸೊಲ್ಲಾಪುರ, ವಾಡಿಗಳ ಮೂಲಕ ರಾಯಚೂರಿಗೆ ಸಾಗುವ ಆ ಕಂಪೆನಿಯ ಮುಖ್ಯ ಮಾರ್ಗವು ಹತ್ತಿಯ ವ್ಯಾಪಾರದ ಊರಾದ ಬಾರ್ಸಿಯನ್ನು ಬದಿಗೆ ಬಿಟ್ಟು ಹೋಗಿತ್ತು. ಬಾರ್ಸಿ ರೋಡ್ ಎಂದು ಆಗ ಹೆಸರಾಗಿದ್ದ ಇಂದಿನ ಕುರ್ಡುವಾಡಿ ನಿಲ್ದಾಣದಿಂದ ಬಾರ್ಸಿ ಪಟ್ಟಣಕ್ಕೆ 21 ಮೈಲಿಗಳ ಕಿರುಹಳಿಯನ್ನು ಹಾಕುವುದು ಕ್ಯಾಲ್ತ್ರಾಪನ ಯೋಜನೆ. ಇದಕ್ಕಾಗಿ 1895ರಲ್ಲಿ ಕಂಪೆನಿ ರಚನೆಯಾಯಿತು, 1897ರಲ್ಲಿ ಮಾರ್ಗ ತೆರೆಯಿತು. ಮುಂದೆ ಅದು 1906ರಲ್ಲಿ ಪಂಢರಪುರವನ್ನೂ 1911ರಲ್ಲಿ ಲಾತೂರನ್ನೂ 1927ರಲ್ಲಿ ಮೀರಜನ್ನೂ ಮುಟ್ಟಿ ಒಟ್ಟು 202 ಮೈಲಿಗಳಿಗೆ ಬೆಳೆಯಿತು. 1954ರಲ್ಲಿ ಸರ್ಕಾರ ಅದನ್ನು ವಹಿಸಿಕೊಂಡಿತು.

ಈ ಹೆಸರುಗಳನ್ನು ನಕ್ಷೆಯ ಮೇಲೆ ಗುರುತಿಸಿಕೊಂಡರೆ ಮಾರ್ಗದ ಸಾಂಸ್ಕೃತಿಕ ಮಹತ್ವ ಸ್ಪಷ್ಟವಾಗುತ್ತದೆ. ಲಾತೂರು ಅಂದು ನಿಜಾಮರ ಹೈದರಾಬಾದ್ ಸಂಸ್ಥಾನದ ಉಸ್ಮಾನಾಬಾದ್ ಜಿಲ್ಲೆಗೆ ಸೇರಿತ್ತು, ಬೀದರ ಸೀಮೆಯ ನೆರೆಯದು. ಮೀರಜ್ ಗಡಿಯ ಊರು. ಅಲ್ಲಿ ಕನ್ನಡ ಮರಾಠಿಗಳೆರಡೂ ಮನೆಮಾತುಗಳೇ. ಪಂಢರಪುರದ ಮಾತಂತೂ ಹೇಳಬೇಕಾದುದಿಲ್ಲ. ಕ್ರಿ.ಶ. 1237ರ ಹೊಯ್ಸಳ ಸೋಮೇಶ್ವರನ ಕಾಲದ ಶಾಸನ ಅಲ್ಲಿ ದೊರೆತಿದ್ದು ಊರನ್ನು ಪಂಡರಗೆ ಎಂದು ಕರೆದಿದೆ. ಜ್ಞಾನೇಶ್ವರರ ಹೆಸರಿನ ಅಭಂಗವೊಂದು ವಿಠ್ಠಲನನ್ನು ಕನ್ನಡಿಗನೆಂದೇ ಬಗೆದಿದೆ. ಹರಿದಾಸರ ಅಂಕಿತಗಳಲ್ಲಿ ಆ ದೈವದ ಹೆಸರು ಎಷ್ಟು ಬಗೆಯಲ್ಲಿ ಬಂದಿದೆಯೆಂಬುದು ನಮ್ಮ ಓದುಗರಿಗೆ ತಿಳಿದದ್ದೇ. ಆಷಾಢ, ಕಾರ್ತಿಕ ಏಕಾದಶಿಗಳಲ್ಲಿ ನಡೆದೇ ಬರುತ್ತಿದ್ದ ಯಾತ್ರಿಕರ ಒಂದು ಭಾಗವನ್ನು ಇಪ್ಪತ್ತನೆಯ ಶತಮಾನದಲ್ಲಿ ಹೊತ್ತು ತಂದದ್ದು ಈ ಎರಡೂವರೆ ಅಡಿಯ ಹಳಿಯೇ. ಸಂಚಾರದ ಸಾಧನ ಬದಲಾದಾಗ ಯಾತ್ರೆಯ ಸ್ವರೂಪ ಏನಾಯಿತೆಂಬುದನ್ನು ನಮ್ಮ ಕೀರ್ತನ ಸಾಹಿತ್ಯದ ಅಧ್ಯಯನಗಳು ಇನ್ನೂ ಕೈಗೆತ್ತಿಕೊಳ್ಳಬೇಕಾಗಿದೆ.

ಹೈದರಾಬಾದಿಗೆ ಇನ್ನೊಂದು ನಂಟೂ ಇದೆ. 1966ರ ಅಕ್ಟೋಬರ್ 2ರಂದು ಸಿಕಂದರಾಬಾದನ್ನು ಕೇಂದ್ರವಾಗಿಸಿಕೊಂಡು ದಕ್ಷಿಣ ಮಧ್ಯ ರೈಲ್ವೆ ರೂಪುಗೊಂಡಾಗ ಸೊಲ್ಲಾಪುರ ವಿಭಾಗವೂ ಹುಬ್ಬಳ್ಳಿ ವಿಭಾಗವೂ ಅದರ ಪಾಲಿಗೆ ಬಂದವು. ಸೊಲ್ಲಾಪುರ ವಿಭಾಗ 1977ರ ಅಕ್ಟೋಬರ್ 2ರಂದು ಮಧ್ಯ ರೈಲ್ವೆಗೆ ಮರಳಿತು. ಅಂದರೆ ಹನ್ನೊಂದು ವರ್ಷಗಳ ಕಾಲ ಕುರ್ಡುವಾಡಿಯ ಕಿರುಹಳಿಯ ಮೇಲಧಿಕಾರ ಇದ್ದದ್ದು ಸಿಕಂದರಾಬಾದಿನಲ್ಲಿ.

ಇನ್ನು ಎಂಜಿನು. ಕ್ಯಾಲ್ತ್ರಾಪನ ಪ್ರತಿಭೆ ಕಾಣುವುದು ಒಂದು ಸರಳ ಸೂತ್ರದಲ್ಲಿ: ಯಾವ ಗಾಡಿಯ ಯಾವ ಅಚ್ಚೂ ಹಳಿಯ ಮೇಲೆ 5 ಟನ್ನಿಗಿಂತ ಹೆಚ್ಚು ಭಾರ ಹಾಕಬಾರದು. ಎಂಜಿನು, ಪ್ರಯಾಣಿಕರ ಗಾಡಿ, ಸರಕಿನ ಗಾಡಿ ಎಲ್ಲಕ್ಕೂ ಇದೇ ಮಿತಿ. ಭಾರವನ್ನು ಹೀಗೆ ಸಮನಾಗಿ ಹಂಚಿದ್ದರಿಂದ ಗಜಕ್ಕೆ 30 ಪೌಂಡು ತೂಕದ ತೆಳು ಹಳಿಯೇ ಸಾಕಾಯಿತು, ಖರ್ಚು ಇಳಿಯಿತು, ಆದರೂ ಎಳೆಯುವ ಶಕ್ತಿ ಕುಂದಲಿಲ್ಲ. ಇಂಗ್ಲೆಂಡಿನ ಲೀಡ್ಸ್ ನಗರದ ಕಿಟ್ಸನ್ ಕಂಪೆನಿಯು ಈ ಸೂತ್ರಕ್ಕೆ ತಕ್ಕಂತೆ ಮೊದಲ ಎಂಜಿನುಗಳನ್ನು ಕಟ್ಟಿಕೊಟ್ಟಿತು. ರೈಲ್ವೆಯ ಸಂಕೇತದಲ್ಲಿ ಅವು 0-8-4 ಟ್ಯಾಂಕ್ ಎಂಜಿನುಗಳು. ಮುಂದೆ ದಾರಿತೋರುವ ಗಾಲಿಗಳಿಲ್ಲ, ನಡುವೆ ಕೋಲುಗಳಿಂದ ಒಂದಕ್ಕೊಂದು ಜೋಡಿಸಿದ ಎಂಟು ಗಾಲಿಗಳು, ಹಿಂದೆ ಭಾರ ಹೊರುವ ನಾಲ್ಕು. ನೀರನ್ನು ಪ್ರತ್ಯೇಕ ಟೆಂಡರಿನಲ್ಲಿ ಎಳೆದೊಯ್ಯದೆ ತನ್ನ ಮೈಮೇಲಿನ ತೊಟ್ಟಿಗಳಲ್ಲೇ ಹೊತ್ತಿರುವುದರಿಂದ ಟ್ಯಾಂಕ್. ಆರು ಅಚ್ಚುಗಳು, ಅಚ್ಚಿಗೆ 5 ಟನ್ನು. ಎಂಜಿನಿನ ಒಟ್ಟು ತೂಕ 30 ಟನ್ನಿನೊಳಗೆ. ಲೀಡ್ಸ್ ಬಳಿಯ ನ್ಯೂಲೇ ಎಂಬಲ್ಲಿ ತಾತ್ಕಾಲಿಕ ಹಳಿ ಹಾಸಿ ಪರೀಕ್ಷೆ ನಡೆಸಿದ ಮೇಲೆ ಈ ಗಾಡಿಗಳು ಭಾರತಕ್ಕೆ ಬಂದವು. ಇದೇ ಕ್ಯಾಲ್ತ್ರಾಪ್ 1904ರಲ್ಲಿ ಇಂಗ್ಲೆಂಡಿನ ಲೀಕ್ ಮತ್ತು ಮ್ಯಾನಿಫೋಲ್ಡ್ ಕಣಿವೆಯ ಕಿರುಹಳಿಗೆ ಬಾರ್ಸಿಯ ಅನುಭವವನ್ನೇ ಒಯ್ದನು. ವಸಾಹತಿನ ಮಾದರಿ ಒಡೆಯರ ನಾಡಿಗೆ ಹೋದ ಅಪರೂಪದ ನಿದರ್ಶನವಿದು. ಆ ಮಾರ್ಗ 1934ರಲ್ಲಿ ಮುಚ್ಚಿತು. ಅದರ ಎರಡು ಎಂಜಿನುಗಳೂ ಗುಜರಿಗೆ ಸಂದವು. ಕ್ಯಾಲ್ತ್ರಾಪನಾದರೋ ಮುಂದೆ ರೈಲನ್ನು ಬಿಟ್ಟು ಧುಮುಕುಕೊಡೆಗಳ ರಚನೆಯಲ್ಲಿ ತೊಡಗಿದನು. ಅದು ಬೇರೆಯದೇ ಕಥೆ.

1992ರಲ್ಲಿ ಆರಂಭವಾದ ಏಕಗೇಜ್ ಯೋಜನೆಯೊಡನೆ ದೇಶದ ಕಿರುಹಳಿಗಳೂ ಮೀಟರ್‌ಗೇಜ್ ಹಳಿಗಳೂ ಒಂದೊಂದಾಗಿ ಬ್ರಾಡ್‌ಗೇಜ್ ಆದವು. ಬಾರ್ಸಿ ಮಾರ್ಗದಲ್ಲಿ ಕುರ್ಡುವಾಡಿ–ಪಂಢರಪುರ 2002ರಲ್ಲಿ, ಲಾತೂರು–ಉಸ್ಮಾನಾಬಾದ್ 2007ರಲ್ಲಿ, ಅಲ್ಲಿಂದ ಕುರ್ಡುವಾಡಿ 2008ರಲ್ಲಿ, ಪಂಢರಪುರ–ಮೀರಜ್ 2011ರಲ್ಲಿ ಪರಿವರ್ತನೆಗೊಂಡವು. ಜನರಿಗೆ ಇದರಿಂದ ಅನುಕೂಲವೇ ಆಯಿತು. ಅದನ್ನು ಅಲ್ಲಗಳೆಯುವುದು ಭಾವುಕತೆಯಾದೀತು. ಸಂಶೋಧಕನಿಗೆ ಒದಗಿದ ಕಷ್ಟ ಬೇರೆ. 762 ಮಿಲಿಮೀಟರ್ ಅಂತರದ ಗಾಲಿಗಳುಳ್ಳ ಎಂಜಿನಿಗೆ ತನ್ನ ಹಳಿ ಹೋದ ಮೇಲೆ ನಡೆಯಲು ಎಡೆಯೇ ಇಲ್ಲ. ಬ್ರಾಡ್‌ಗೇಜಿನ ಹಳೆಯ ಎಂಜಿನನ್ನು ಸರಿಪಡಿಸಿದರೆ ದೇಶದ ಮುಖ್ಯ ಮಾರ್ಗಗಳಲ್ಲಿ ಒಂದು ದಿನವಾದರೂ ಓಡಿಸಬಹುದು. 1855ರಲ್ಲಿ ಕಟ್ಟಿದ ಫೇರಿ ಕ್ವೀನ್ ಎಂಜಿನನ್ನು 1997ರಲ್ಲಿ ಮತ್ತೆ ಚಾಲನೆಗೆ ತಂದು ದೆಹಲಿ–ಅಲ್ವರ್ ನಡುವೆ ಓಡಿಸಿದ್ದು ಹೀಗೆಯೇ. ಕಾಕತಾಳೀಯವೆಂಬಂತೆ ಅದನ್ನು ಕಟ್ಟಿದ್ದೂ ಲೀಡ್ಸಿನ ಕಿಟ್ಸನ್ ಮನೆತನದ ಕಾರ್ಖಾನೆಯೇ. ಕಿರುಹಳಿಯ ಎಂಜಿನು ಮಾತ್ರ ಹಳಿಯೊಡನೆ ಬದುಕುತ್ತದೆ, ಹಳಿಯೊಡನೆ ನಿಲ್ಲುತ್ತದೆ.

ಹೀಗೆ ನಿಂತ ಎಂಜಿನುಗಳಲ್ಲಿ ಕೆಲವು ನಿಲ್ದಾಣ, ಕಛೇರಿ, ಉದ್ಯಾನಗಳ ಮುಂದೆ ಕಟ್ಟೆಯೇರಿವೆ. ದೂರದಿಂದ ಕಪ್ಪು, ಕೆಂಪು ಬಣ್ಣಗಳಲ್ಲಿ ಥಳಥಳಿಸುವ ಇವುಗಳ ಒಳಗೆ ನಡೆಯುವುದೇನೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಎಂಜಿನಿನ ಮುಂಭಾಗದಲ್ಲಿ ಚಿಮಣಿಯ ಕೆಳಗೆ ಹೊಗೆ ಕೂಡುವ ಕೋಣೆಯಿದೆ. ಕೊನೆಯ ಬಾರಿ ಬೆಂಕಿ ಆರಿದಾಗ ಅಲ್ಲಿ ಉಳಿದ ಬೂದಿಯನ್ನು ಹಲವೆಡೆ ಯಾರೂ ತೆಗೆದಿರುವುದಿಲ್ಲ. ಕಲ್ಲಿದ್ದಲಿನ ಬೂದಿಯಲ್ಲಿ ಗಂಧಕದ ಅಂಶವಿರುತ್ತದೆ. ಚಿಮಣಿಯ ಬಾಯಿ ಮುಚ್ಚದಿದ್ದರೆ ಮಳೆಯ ನೀರು ನೇರವಾಗಿ ಒಳಗಿಳಿದು ಬೂದಿಯೊಡನೆ ಬೆರೆತು ಆಮ್ಲವಾಗುತ್ತದೆ, ತಳದ ತಗಡನ್ನು ತಿನ್ನುತ್ತದೆ. ಬಾಯ್ಲರಿನ ಹೊರಮೈಗೆ ಶಾಖ ಹೋಗದಂತೆ ಹೊದಿಸಿದ ಪದರ ಒದ್ದೆಯಾದರೆ ತಿಂಗಳುಗಟ್ಟಲೆ ಒಣಗುವುದಿಲ್ಲ. ಅದರ ಮೇಲಿನ ತಗಡಿಗೆ ಬಣ್ಣ ಬಳಿದಷ್ಟೂ ತೇವ ಒಳಗೇ ಉಳಿಯುತ್ತದೆ. ಆ ಪದರ ಹಳೆಯ ಎಂಜಿನುಗಳಲ್ಲಿ ಸಾಮಾನ್ಯವಾಗಿ ಕಲ್ನಾರಿನದು. ಅದರ ಧೂಳು ಶ್ವಾಸಕೋಶಕ್ಕೆ ಮಾರಕವಾದ್ದರಿಂದ ತಕ್ಕ ರಕ್ಷಣೆಯಿಲ್ಲದೆ ಕೈಯಿಕ್ಕುವಂತಿಲ್ಲ. ಹಿತ್ತಾಳೆ ತಾಮ್ರಗಳ ಭಾಗಗಳು ಕಳ್ಳರ ಭಯದಿಂದಲೋ ಕಳ್ಳರಿಂದಲೋ ಮೊದಲೇ ಕಾಣೆಯಾಗಿರುತ್ತವೆ. ಪ್ರತಿವರ್ಷ ಬಣ್ಣ ಕಾಣುವ ಎಂಜಿನು ಹೀಗೆ ಪ್ರತಿವರ್ಷ ತೆಳುವಾಗುತ್ತ ಹೋಗುತ್ತದೆ.

ನಮ್ಮ ಶಾಸನಗಳ ಒಂದು ಮಾತು ಇಲ್ಲಿ ನೆನಪಿಗೆ ಬರುತ್ತದೆ. ದೇವಾಲಯಗಳಿಗೆ ದತ್ತಿ ಬಿಡುವಾಗ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆಂದು ನಿರ್ದೇಶಿಸುವುದು ರೂಢಿ. ಒಡೆದುದನ್ನೂ ಬಿರುಕುಬಿಟ್ಟುದನ್ನೂ ಸರಿಪಡಿಸುವ ಕೆಲಸವದು. ಗಮನಿಸಬೇಕಾದ ಸಂಗತಿಯೆಂದರೆ, ಅದಕ್ಕೆ ಬಿಟ್ಟದ್ದು ಸಾಮಾನ್ಯವಾಗಿ ಭೂಮಿ ಅಥವಾ ಸುಂಕದ ಪಾಲು, ಅಂದರೆ ವರ್ಷವರ್ಷವೂ ಹುಟ್ಟುವ ಆದಾಯ. ಕಟ್ಟಿದವರಿಗೆ ಕಲ್ಲು ಸವೆಯುತ್ತದೆ, ಸವೆಯುತ್ತಲೇ ಇರುತ್ತದೆ ಎಂಬ ಅರಿವಿತ್ತು. ಎಂಜಿನುಗಳ ವಿಷಯದಲ್ಲಿ ನಾವು ಹೆಚ್ಚಾಗಿ ಕಾಣುವುದು ಒಮ್ಮೆ ಹಣ ಕೊಟ್ಟು, ಒಮ್ಮೆ ಬಣ್ಣ ಬಳಿದು, ಒಮ್ಮೆ ಸಮಾರಂಭ ನಡೆಸಿ ಮುಗಿಸುವ ಪದ್ಧತಿ. ಮೇಲೊಂದು ಸೂರು, ಚಿಮಣಿಗೆ ಒಂದು ಮುಚ್ಚಳ, ಬೂದಿ ತೆಗೆಯಲು ಒಂದು ದಿನದ ಕೂಲಿ ಇಷ್ಟರಿಂದಲೇ ಎಂಜಿನಿನ ಆಯುಸ್ಸು ಹಲವು ಪಟ್ಟು ಹೆಚ್ಚುತ್ತದೆ.

ರಕ್ಷಣೆಯಿಂದ ಮುಂದೆ ಹೋಗಿ ಎಂಜಿನನ್ನು ಹಿಂದಿನ ಸ್ಥಿತಿಗೆ ತರಬೇಕೆಂದಾಗ ನಿಜವಾದ ತೊಡಕು ಎದುರಾಗುತ್ತದೆ: ಹಿಂದಿನದು ಎಂದರೆ ಯಾವ ದಿನದ್ದು? 1897ರಲ್ಲಿ ಹಡಗಿನಿಂದ ಇಳಿದಂದಿನದೋ, ಮಾರ್ಗ ಮೀರಜನ್ನು ಮುಟ್ಟಿದಂದಿನದೋ, ಸೇವೆಯಿಂದ ನಿವೃತ್ತವಾದಂದಿನದೋ? ಉಗಿ ಎಂಜಿನು ಬದುಕುವುದೇ ಬದಲಾಗುತ್ತ. ಮಾರ್ಗಕ್ಕೆ ಒಂದೇ ಮಾದರಿಯ ಹಲವು ಎಂಜಿನುಗಳಿದ್ದರೆ ಕಾರ್ಯಾಗಾರದಲ್ಲಿ ಒಂದರ ಬಾಯ್ಲರನ್ನು ತೆಗೆದು ದುರಸ್ತಿಗೆ ಹಾಕಿ, ಸಿದ್ಧವಾಗಿರುವ ಇನ್ನೊಂದರ ಬಾಯ್ಲರನ್ನು ಅದಕ್ಕೆ ಕೂಡಿಸಿ ಕಳುಹಿಸುವುದು ಪರಿಪಾಠ. ಗಾಲಿ, ಕೋಲು, ಸಿಲಿಂಡರುಗಳ ಗತಿಯೂ ಅದೇ. ಬ್ರಿಟಿಷ್ ಕಾರ್ಖಾನೆಗಳಲ್ಲಿ ಬಿಡಿಭಾಗಗಳ ಮೇಲೆ ಎಂಜಿನಿನ ಸಂಖ್ಯೆಯನ್ನು ಅಚ್ಚೊತ್ತುತ್ತಿದ್ದುದರಿಂದ, ಬಣ್ಣ ಕೆರೆದು ನೋಡಿದಾಗ ಎಡಗಡೆಯ ಕೋಲಿನಲ್ಲಿ ಒಂದು ಸಂಖ್ಯೆಯೂ ಬಲಗಡೆಯದರಲ್ಲಿ ಇನ್ನೊಂದೂ ಕಾಣುವುದುಂಟು. ಒಂದೇ ಕಟ್ಟಿನಲ್ಲಿ ಎರಡು ಕೈಗಳ ಬರಹ ಕಂಡ ಸಂಪಾದಕನ ಸ್ಥಿತಿ ಆಗ ಜೀರ್ಣೋದ್ಧಾರಕನದು.

ಇಲ್ಲಿ ಶೂನ್ಯಸಂಪಾದನೆಯ ಉದಾಹರಣೆ ಪ್ರಯೋಜನಕ್ಕೆ ಬರುತ್ತದೆಂದು ನಮ್ಮ ಅಭಿಪ್ರಾಯ. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಹೀಗೆ ನಾಲ್ವರು ಅದನ್ನು ಸಂಕಲಿಸಿದರು. ಮೊದಲನೆಯದೇ ಪ್ರಮಾಣ, ಉಳಿದವು ಕೆಟ್ಟ ಪ್ರತಿಗಳು ಎಂದು ಯಾರೂ ವಾದಿಸುವುದಿಲ್ಲ. ಪ್ರತಿಯೊಂದೂ ಒಂದು ಕಾಲದ, ಒಂದು ಉದ್ದೇಶದ ಸಂಪಾದನೆ, ಪ್ರತ್ಯೇಕವಾಗಿಯೇ ಓದಬೇಕಾದುದು. ಕಾರ್ಯಾಗಾರದ ಮಿಸ್ತ್ರಿ ಹೊಸ ಬಾಯ್ಲರು ಕೂಡಿಸಿದಾಗ, ಚಾಲಕನ ಕೋಣೆಯ ಸೂರನ್ನು ನಮ್ಮ ಬಿಸಿಲಿಗೆ ತಕ್ಕಂತೆ ಎತ್ತರಿಸಿದಾಗ ಮಾಡಿದ್ದೂ ಸಂಪಾದನೆಯೇ. ಅದನ್ನು ಲಿಪಿಕಾರನ ತಪ್ಪೆಂಬಂತೆ ಕಿತ್ತೊಗೆದು ಲೀಡ್ಸಿನ ಕಾರ್ಖಾನೆಯ ಛಾಯಾಚಿತ್ರದಂತೆ ಎಂಜಿನನ್ನು ತಿದ್ದಿದರೆ, ಭಾರತದಲ್ಲಿ ಅದು ಕಳೆದ ಬಾಳೆಲ್ಲ ಅಳಿಸಿಹೋಗುತ್ತದೆ. ಮರಾಠಿ, ಕನ್ನಡ, ಉರ್ದು ಮಾತನಾಡುತ್ತಿದ್ದ ಫಿಟ್ಟರು, ಖಲಾಸಿಗಳ ಕೈಚಳಕದ ಏಕೈಕ ಸಾಕ್ಷ್ಯವೂ ಅದರೊಡನೆ ಹೋಗುತ್ತದೆ. ಅವರು ಬರೆದಿಟ್ಟುಹೋದ ಗ್ರಂಥವೆಂದರೆ ಈ ಎಂಜಿನುಗಳೇ.

ಇದರ ಅರ್ಥ ಯಾವ ತಿದ್ದುಪಡಿಯೂ ಸಲ್ಲದೆಂದಲ್ಲ. ಡಿ.ಎಲ್. ನರಸಿಂಹಾಚಾರ್ಯರು, ಎಂ.ಎಂ. ಕಲಬುರ್ಗಿಯವರು ಕನ್ನಡದಲ್ಲಿ ಬೆಳೆಸಿದ ಗ್ರಂಥಸಂಪಾದನೆಯ ಶಿಸ್ತು ನಮಗೆ ಕಲಿಸುವುದು ಇಷ್ಟು: ಸಂಪಾದಕನು ತಾನು ಸೇರಿಸಿದ್ದನ್ನು ಕಂಸದೊಳಗಿಟ್ಟು ತೋರಿಸಬೇಕು, ಬಿಟ್ಟ ಪಾಠವನ್ನು ಅಡಿಟಿಪ್ಪಣಿಯಲ್ಲಿ ಉಳಿಸಬೇಕು. ಎಂಜಿನಿನ ವಿಷಯದಲ್ಲೂ ಇದೇ ನೀತಿ. ಹೊಸದಾಗಿ ಹಾಕಿದ ತಗಡಿನ ಮೇಲೆ ವರ್ಷವನ್ನು ಅಚ್ಚೊತ್ತಬೇಕು. ತೆಗೆದ ಭಾಗವನ್ನು ಗುಜರಿಗೆ ಹಾಕದೆ ಚೀಟಿ ಕಟ್ಟಿ ಇಡಬೇಕು. ಹಳೆಯ ಬಣ್ಣಗಳ ಪದರಗಳು ಒಂದರ ಕೆಳಗೊಂದು ಕಾಣುವಂತೆ ಎಲ್ಲಾದರೊಂದು ಕಡೆ ಅಂಗೈಯಗಲ ಜಾಗವನ್ನು ಕೆರೆಯದೆ ಬಿಡಬೇಕು. ಬಣ್ಣದ ಪದರವೆಂದರೆ ಒಂದೊಂದು ಆಡಳಿತದ ಅವಧಿ. ಕಂಪೆನಿಯ ಕಾಲ, ಸರ್ಕಾರದ ಕಾಲ ಎಂದು ಎಣಿಸಬಹುದು. ಯೂರೋಪಿನ ಪಾರಂಪರಿಕ ರೈಲ್ವೆಗಳ ಒಕ್ಕೂಟ 2005ರಲ್ಲಿ ಅಂಗೀಕರಿಸಿದ ರಿಗಾ ಸನ್ನದು ಇಂಥ ತತ್ತ್ವಗಳನ್ನು ರೈಲಿಗೆ ಅನ್ವಯಿಸಿ ಹೇಳಿದೆ. ನಮ್ಮಲ್ಲಿ ಇವು ಹೊಸ ಮಾತುಗಳಾಗಿ ಕಾಣಬೇಕಾದ ಅಗತ್ಯವೇ ಇಲ್ಲ.

ತಾಂತ್ರಿಕ ಕಾರ್ಯದ ಕ್ರಮವನ್ನೂ ಸೂಚಿಸುವುದು ಅವಶ್ಯ. ಬಾಯ್ಲರೆಂದರೆ ಒಂದು ದೊಡ್ಡ ಉಕ್ಕಿನ ಪೀಪಾಯಿ. ಹಿಂದುಗಡೆ ಫೈರ್‌ಬಾಕ್ಸ್, ಅಲ್ಲಿಂದ ಮುಂದಿನ ಹೊಗೆಕೋಣೆಯವರೆಗೆ ಪೀಪಾಯಿಯ ಒಳಗೆ ಹಾಯ್ದ ಹತ್ತಾರು ಕೊಳವೆಗಳು. ಬಿಸಿ ಹೊಗೆ ಕೊಳವೆಗಳಲ್ಲಿ ಹರಿಯುತ್ತದೆ, ಸುತ್ತಲಿನ ನೀರು ಉಗಿಯಾಗುತ್ತದೆ. ಜೀರ್ಣೋದ್ಧಾರದಲ್ಲಿ ಮೊದಲು ಈ ಕೊಳವೆಗಳನ್ನೆಲ್ಲ ಹೊರಗೆಳೆದು ಒಳಗನ್ನು ಪರಿಶೀಲಿಸುತ್ತಾರೆ. ದಖ್ಖನಿನ ಬಾವಿಗಳ ಗಡಸು ನೀರು ಬಿಟ್ಟ ಸುಣ್ಣದ ಚಕ್ಕೆಯನ್ನು ತೆಗೆದು, ತಗಡಿನ ದಪ್ಪ ಎಲ್ಲೆಲ್ಲಿ ಎಷ್ಟು ಉಳಿದಿದೆಯೆಂದು ಶ್ರವಣಾತೀತ ತರಂಗಗಳಿಂದ ಅಳೆಯುತ್ತಾರೆ. ಫೈರ್‌ಬಾಕ್ಸಿನ ಒಳಗೋಡೆಯನ್ನು ಹೊರಗೋಡೆಗೆ ಬಿಗಿದಿರುವ ನೂರಾರು ಸರಳುಗಳಲ್ಲಿ ಮುರಿದವನ್ನು ಸುತ್ತಿಗೆಯಿಂದ ತಟ್ಟಿ ದನಿಯಿಂದಲೇ ಗುರುತಿಸುವ ಜಾಣ್ಮೆ ಹಳೆಯ ಬಾಯ್ಲರು ಕೆಲಸಗಾರರದು. ಫೈರ್‌ಬಾಕ್ಸಿನ ನೆತ್ತಿಯಲ್ಲಿ ಸೀಸ ತುಂಬಿದ ಬಿರಡೆಯೊಂದಿರುತ್ತದೆ. ನೀರು ಇಳಿದು ನೆತ್ತಿ ಬರಿದಾದರೆ ಸೀಸ ಕರಗಿ ಉಗಿ ಬೆಂಕಿಯ ಮೇಲೆ ನುಗ್ಗುತ್ತದೆ, ಅಪಾಯವನ್ನು ಸಾರುತ್ತದೆ. ಇವೆಲ್ಲ ಸರಿಯಾದ ಮೇಲೆ ಬಾಯ್ಲರಿಗೆ ತಣ್ಣೀರು ತುಂಬಿ ಕೆಲಸದ ಒತ್ತಡಕ್ಕಿಂತ ಹೆಚ್ಚಿನ, ಸಾಮಾನ್ಯವಾಗಿ ಒಂದೂವರೆ ಪಟ್ಟು ಒತ್ತಡದಲ್ಲಿ ಪರೀಕ್ಷಿಸುತ್ತಾರೆ. ನೀರಿನಿಂದಲೇ ಮೊದಲು ಪರೀಕ್ಷಿಸುವುದೇಕೆಂದರೆ, ಬಿರಿದರೂ ನೀರು ಸೋರುತ್ತದೆ ಅಷ್ಟೆ, ಉಗಿಯಾದರೆ ಸ್ಫೋಟಿಸುತ್ತದೆ. ಬೆಂಕಿ ಹಾಕುವುದು ಇದು ದಾಟಿದ ಬಳಿಕ.

ಬಾರ್ಸಿಯಂಥ ಮಾರ್ಗದ ಎಂಜಿನಿಗೆ ಇನ್ನೊಂದು ಎಚ್ಚರಿಕೆ ಬೇಕು. ರಿವೆಟ್ ಬಡಿಯುವವರು ಇಂದು ವಿರಳ, ಬೆಸುಗೆ ಸುಲಭ. ತೆಳು ತಗಡಿಗೆ ಬದಲು ದಪ್ಪ ತಗಡನ್ನು ಬೆಸೆದರೆ ಭದ್ರವೆಂದೂ ತೋರಬಹುದು. ಹಾಗೆ ಒಂದೆಡೆ ಕೂಡಿಸಿದ ಭಾರ ಅಚ್ಚುಗಳ ಮೇಲೆ ಬೀಳುತ್ತದೆ. ಅಚ್ಚಿಗೆ 5 ಟನ್ನು ಎಂಬುದು ಆ ಎಂಜಿನಿನ ಛಂದಸ್ಸು. ಅರ್ಥ ಸರಿಹೋಗಲೆಂದು ಗಣ ಕೆಡಿಸಿದ ತಿದ್ದುಪಡಿಯನ್ನು ಯಾವ ಸಂಪಾದಕನೂ ಒಪ್ಪುವುದಿಲ್ಲ. ಬೆಸೆದ ತಗಡಿನ ಮೇಲೆ ಹುಸಿ ರಿವೆಟ್ ತಲೆಗಳನ್ನು ಅಂಟಿಸುವುದಂತೂ ಕೂಟಶಾಸನ ಬರೆದಂತೆ.

ಬಿಡಿಭಾಗಗಳನ್ನು ಕೊಳ್ಳುವಂತಿಲ್ಲ. ಕಿಟ್ಸನ್ ಕಂಪೆನಿ 1938ರಲ್ಲಿ ಮುಚ್ಚಿತು; ಕಿರುಹಳಿಯ ಎಂಜಿನುಗಳಿಗೆ ಹೆಸರಾಗಿದ್ದ ಕೆರ್ ಸ್ಟುವರ್ಟ್ ಅದಕ್ಕೂ ಮೊದಲೇ 1930ರಲ್ಲಿ ಮುಳುಗಿತು. ಎಲ್ಲವನ್ನೂ ಹೊಸದಾಗಿ ಎರಕ ಹೊಯ್ಯಬೇಕು, ಅದಕ್ಕೆ ನಕ್ಷೆ ಬೇಕು. ಈ ಸಾಮರ್ಥ್ಯ ನಮ್ಮ ದೇಶದಲ್ಲಿ ಪೂರ್ತಿಯಾಗಿ ಅಳಿದಿಲ್ಲ. ತಿರುಚಿರಾಪಳ್ಳಿಯ ಗೋಲ್ಡನ್ ರಾಕ್ ಕಾರ್ಯಾಗಾರವು ನೀಲಗಿರಿ ರೈಲ್ವೆಗೆ ಹಳೆಯ ಸ್ವಿಸ್ ಮಾದರಿಯ ಉಗಿ ಎಂಜಿನುಗಳನ್ನು ಈ ಶತಮಾನದಲ್ಲಿ ಹೊಸದಾಗಿಯೇ ಕಟ್ಟಿದೆ. ಅದು ಮೀಟರ್‌ಗೇಜ್ ಮಾರ್ಗವಾದರೂ ಕೆಲಸದ ಬಗೆ ಒಂದೇ. ಡಾರ್ಜಿಲಿಂಗಿನ ಎರಡಡಿ ಹಳಿಯಲ್ಲಿ 1889ರಿಂದ ಬಂದ ಬಿ ವರ್ಗದ ಎಂಜಿನುಗಳನ್ನು ತಿಂಧಾರಿಯಾ ಕಾರ್ಯಾಗಾರ ತಲೆಮಾರುಗಳಿಂದ ಬಿಚ್ಚಿ ಕಟ್ಟುತ್ತ ಬಂದಿದೆ. ಕೆಲವನ್ನು ತಾನೇ ನಿರ್ಮಿಸಿಯೂ ಇದೆ. 1999ರಲ್ಲಿ ಆ ರೈಲ್ವೆಗೆ ವಿಶ್ವಪರಂಪರೆಯ ಮನ್ನಣೆ ದೊರೆತಾಗ ಎಂಜಿನಿನೊಡನೆ ಹಳಿಯೂ ಕಾರ್ಯಾಗಾರವೂ ಊರೂ ಸೇರಿದ್ದವು. ಜೀವಂತ ಪಾಠಪರಂಪರೆಯೆಂದರೆ ಅದು. ಪಟಿಯಾಲಾ ಸಂಸ್ಥಾನದ ಒಂಟಿಹಳಿ ರೈಲಿನದು ಬೇರೆ ಬಗೆ: 1927ರ ಸುಮಾರಿಗೆ ನಿಂತು ಮೂಲೆಗುಂಪಾಗಿದ್ದ ಅದರ ಎಂಜಿನನ್ನು ಮೈಕೇಲ್ ಸ್ಯಾಟೋ 1962ರಲ್ಲಿ ಗುರುತಿಸಿದರು, ಅಮೃತಸರದ ರೈಲ್ವೆ ಕಾರ್ಯಾಗಾರ ಅದನ್ನು ಸಿದ್ಧಗೊಳಿಸಿತು, ದೆಹಲಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯ ಅದಕ್ಕೆ ಮೋಟು ಹಳಿಯೊಂದನ್ನು ಹಾಕಿಕೊಟ್ಟಿತು. ಹಳಿ ಕಳೆದುಕೊಂಡ ಎಂಜಿನಿಗೂ ಕೆಲವು ಗಜಗಳ ನೆಲೆ ಕಲ್ಪಿಸಿ ನಡೆಯಿಸಬಹುದೆಂಬುದಕ್ಕೆ ಇದು ದಾರಿ ತೋರಿದೆ.

ಕರ್ನಾಟಕದೊಳಗಿನ ಕಿರುಹಳಿಗಳ ಬಗೆಗೆ ಎರಡು ಮಾತು ಸಾಕು. ಬೌರಿಂಗ್‌ಪೇಟೆ ಅಂದರೆ ಇಂದಿನ ಬಂಗಾರಪೇಟೆಯಿಂದ ಕೋಲಾರಕ್ಕೆ 1913ರಲ್ಲಿ, ಬೆಂಗಳೂರಿನಿಂದ ಚಿಕ್ಕಬಳ್ಳಾಪುರಕ್ಕೆ 1915ರಲ್ಲಿ ಎರಡೂವರೆ ಅಡಿಯ ಹಳಿಗಳು ಬಂದವು, ಮುಂದೆ ಒಂದಾದವು. ಇಂದು ಅಲ್ಲಿ ಬ್ರಾಡ್‌ಗೇಜ್ ಇದ್ದು ಚಿಕ್ಕಬಳ್ಳಾಪುರ–ಕೋಲಾರದ ಭಾಗ 2013ರಲ್ಲಿ ಪೂರ್ಣಗೊಂಡಿತು. ತರೀಕೆರೆಯಿಂದ ನರಸಿಂಹರಾಜಪುರದ ಕಾಡಿನತ್ತ ಎರಡಡಿಯ ಹಳಿಯಿತ್ತು. ನಂದಿ ಹಾಲ್ಟ್‌ನಂಥ ಹಳೆಯ ನಿಲ್ದಾಣದ ಕಟ್ಟಡಗಳಿಗೆ ಈಚಿನ ವರ್ಷಗಳಲ್ಲಿ ಜೀರ್ಣೋದ್ಧಾರದ ಭಾಗ್ಯ ಬಂದಿದೆ. ಮೈಸೂರಿನ ರೈಲು ವಸ್ತುಸಂಗ್ರಹಾಲಯ 1979ರಷ್ಟು ಹಳೆಯದು. ಅಲ್ಲಿನ 1899ರ ಮಹಾರಾಣಿಯವರ ಗಾಡಿಯನ್ನು ನೋಡಲು ಬರುವವರು ಎಂಜಿನುಗಳ ಬಳಿಯೂ ತುಸು ಹೊತ್ತು ನಿಂತರೆ ಒಳ್ಳೆಯದು. ಅರಮನೆಯ ಗಾಡಿಗೆ ದಾಖಲೆಗಳಿವೆ. ಅದನ್ನು ಎಳೆದವುಗಳ ದಾಖಲೆ ಅಷ್ಟು ಸುಲಭವಾಗಿ ಕೈಗೆ ಬರುವುದಿಲ್ಲ.

ಹೊರರಾಜ್ಯಗಳಲ್ಲಿರುವ ನಮ್ಮ ಸಂಶೋಧಕರು ಈ ದಿಕ್ಕಿನಲ್ಲಿ ಮಾಡಬಹುದಾದ ಕೆಲಸ ಹೇರಳವಾಗಿದೆ. ನಿಜಾಮರ ಆಡಳಿತದ ಕಾಗದಪತ್ರಗಳು ಹೈದರಾಬಾದಿನ ತಾರ್ನಾಕದಲ್ಲಿರುವ ರಾಜ್ಯ ಪತ್ರಾಗಾರದಲ್ಲಿವೆ; ಹೆಚ್ಚಿನವು ಉರ್ದು, ಫಾರಸಿಗಳಲ್ಲಿವೆ. ಕಂಪೆನಿಯ ಮಾರ್ಗವೊಂದು 1911ಕ್ಕೆ ಮೊದಲು ಸಂಸ್ಥಾನದ ನೆಲವನ್ನು ಹೊಕ್ಕಾಗ ಭೂಮಿ, ಸುಂಕ, ಪೊಲೀಸ್ ಅಧಿಕಾರಗಳ ಬಗೆಗೆ ಪತ್ರವ್ಯವಹಾರ ನಡೆಯದೆ ಇರಲಾರದು; ಅದನ್ನು ಅಲ್ಲಿ ಅರಸಬೇಕು. ಕಂಪೆನಿಯ ಪಕ್ಷದ ಮಾತಿಗೆ ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳನ್ನೂ ಭಾರತ ಸರ್ಕಾರದ ಪಕ್ಷಕ್ಕೆ ದೆಹಲಿಯ ರಾಷ್ಟ್ರೀಯ ಪತ್ರಾಗಾರವನ್ನೂ ನೋಡಬೇಕಾಗುತ್ತದೆ. ಈ ಮೂರನ್ನೂ ಒಟ್ಟಿಗೆ ಓದಬಲ್ಲವರು, ಅಂದರೆ ಉರ್ದು, ಮರಾಠಿ, ಕನ್ನಡ, ಇಂಗ್ಲಿಷುಗಳಲ್ಲಿ ಕನಿಷ್ಠ ಮೂರು ನುಡಿ ಬಲ್ಲವರು, ಈ ಗಡಿಸೀಮೆಯಲ್ಲಿಯೇ ಸಿಗಬೇಕು.

ಕಾಗದಕ್ಕಿಂತ ಬೇಗ ಕೈಜಾರುತ್ತಿರುವುದು ನೆನಪು. ದೇಶದ ಬ್ರಾಡ್‌ಗೇಜಿನಲ್ಲಿ ದಿನನಿತ್ಯದ ಉಗಿ ಸಂಚಾರ 1995ರ ಡಿಸೆಂಬರಿನಲ್ಲಿ ಕೊನೆಗೊಂಡಿತು, ಮೀಟರ್‌ಗೇಜಿನಲ್ಲಿ ಅದಾದ ಕೆಲವೇ ವರ್ಷಗಳಲ್ಲಿ. ಉಗಿ ಎಂಜಿನಿನ ಮೇಲೆ ದುಡಿದವರಲ್ಲಿ ಅತ್ಯಂತ ಕಿರಿಯರೂ ಇಂದು ನಿವೃತ್ತರು. ಸೊಲ್ಲಾಪುರ, ಮೀರಜ್, ಹುಬ್ಬಳ್ಳಿ, ಸಿಕಂದರಾಬಾದುಗಳ ರೈಲ್ವೆ ಕಾಲೊನಿಗಳಲ್ಲಿ ಅಂಥ ಕುಟುಂಬಗಳಿವೆ. ಜಾನಪದ ಕ್ಷೇತ್ರಕಾರ್ಯದ ಅಭ್ಯಾಸವಿರುವವರು ಅವರನ್ನು ಕಂಡು ಕೇಳಬೇಕಾದುದು ಕಥೆಗಳನ್ನಷ್ಟೇ ಅಲ್ಲ. ಒಂದೊಂದು ಉಪಕರಣವನ್ನು ಮುಂದಿಟ್ಟು ಅದಕ್ಕೆ ಕಾರ್ಯಾಗಾರದಲ್ಲಿ ಏನೆನ್ನುತ್ತಿದ್ದರು, ಅದನ್ನು ಹಿಡಿಯುವುದು ಹೇಗೆ, ಮುರಿದ ಸರಳಿನ ದನಿಗೂ ಗಟ್ಟಿ ಸರಳಿನ ದನಿಗೂ ವ್ಯತ್ಯಾಸವೇನು ಎಂಬುದನ್ನು ಧ್ವನಿಮುದ್ರಿಸಿಕೊಳ್ಳಬೇಕು. ಸಾಧ್ಯವಾದರೆ ಕಟ್ಟೆಯ ಮೇಲಿನ ಎಂಜಿನಿನ ಬಳಿಗೇ ಕರೆದೊಯ್ದು ಕೇಳುವುದು ಮೇಲು. ಕೈ ತಾಕಿದಾಗ ಬರುವ ಮಾತು ಕುರ್ಚಿಯ ಮೇಲೆ ಕುಳಿತಾಗ ಬರುವುದಿಲ್ಲ. ಪದವನ್ನು ಅವರು ಉಚ್ಚರಿಸಿದಂತೆಯೇ ಬರೆದುಕೊಂಡು, ಅದು ಎಡಗಡೆಯ ಭಾಗದ್ದೋ ಬಲಗಡೆಯದೋ, ಮೇಲೆ ಯಾವ ಸಂಖ್ಯೆ ಅಚ್ಚೊತ್ತಿದೆ ಎಂಬುದನ್ನೂ ಪಕ್ಕದಲ್ಲಿ ಗುರುತಿಸಿಕೊಳ್ಳಬೇಕು.